ಮೂಡಿಗೆರೆಯ ತಾಯಿ-ಮಗಳು: ಶಾಸಕಿಯ ಮನೆಯೊಳಗೆ ನಮಗೆಷ್ಟು ಕೆಲಸ?

ಕಾಫಿಕಣ

ನಮ್ಮ ರಾಜ್ಯದಲ್ಲಿ ರಾಜಕಾರಣಿ ಹೆಂಗಸರ ಬಗ್ಗೆ ಮಾತು ಶುರುವಾದರೆ ಎರಡೇ ದಾರಿ ಹಿಡಿಯುತ್ತದೆ. ಒಂದು, ಎಷ್ಟು ಜನ ಗೆದ್ದರು ಅನ್ನೋ ಲೆಕ್ಕ. ಇನ್ನೊಂದು, ಅವರ ಮನೆ ಸುದ್ದಿ. ಗಂಡ ಯಾರು, ಮದುವೆ ಆಗಿದೆಯಾ, ಮಕ್ಕಳನ್ನ ಯಾರು ನೋಡಿಕೊಳ್ಳುತ್ತಾರೆ, ಇತ್ಯಾದಿ. ಲೆಕ್ಕ ಹೇಳುವವರು ಮನೆ ಸುದ್ದಿ ಮುಟ್ಟುವುದಿಲ್ಲ. ಮನೆ ಸುದ್ದಿ ಹೇಳುವವರಿಗೆ ಲೆಕ್ಕ ಬೇಕಾಗಿಲ್ಲ. ನನಗೆ ಎರಡೂ ಒಂದೇ ವಿಷಯ ಅನ್ನಿಸುತ್ತದೆ.

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯನ್ನೇ ತೆಗೆದುಕೊಳ್ಳಿ. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಮೋಟಮ್ಮ ಇಲ್ಲಿಂದ ಮೊದಲು ಗೆದ್ದದ್ದು 1978ರಲ್ಲಿ. ಆಮೇಲೆ 1989, 1999. ಎಸ್.ಎಂ. ಕೃಷ್ಣ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆ ಸಚಿವೆ. ಊರೂರಲ್ಲಿ ಸ್ತ್ರೀಶಕ್ತಿ ಸಂಘಗಳು ಹುಟ್ಟಿದ್ದು 2000-01ರಲ್ಲಿ, ಅವರ ಕಾಲದಲ್ಲೇ. ಮುಂದೆ ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕಿಯೂ ಆದರು. 2018ರಲ್ಲಿ ಮತ್ತೆ ವಿಧಾನಸಭೆಗೆ ನಿಂತು ಸೋತರು.

2023ರಲ್ಲಿ ಅದೇ ಕ್ಷೇತ್ರದಿಂದ ಮಗಳು ನಯನಾ ಮೋಟಮ್ಮ ಗೆದ್ದರು. ವೃತ್ತಿಯಲ್ಲಿ ವಕೀಲೆ. ಅಂತರ 722 ಮತ. ಗೆದ್ದ ಸುದ್ದಿಯ ಬಿಸಿ ಆರುವ ಮೊದಲೇ ಅವರ ಹಳೇ ಫೋಟೊಗಳನ್ನ ಹುಡುಕಿ ತೆಗೆದು ಎಲ್ಲಾ ಕಡೆ ಹಂಚಿದರು. ಪ್ರವಾಸದ್ದು, ತಮಗೆ ಬೇಕಾದ ಬಟ್ಟೆ ಹಾಕಿಕೊಂಡದ್ದು. "ಇವರು ನಮ್ಮ ಶಾಸಕಿನಾ?" ಅಂತ ಕೆಳಗೊಂದು ಸಾಲು. ಆಕೆ ಅಳಲಿಲ್ಲ, ಫೋಟೊ ಅಳಿಸಲೂ ಇಲ್ಲ. ಅವೇ ಚಿತ್ರಗಳನ್ನ ಸೇರಿಸಿ ತಾನೇ ಒಂದು ವಿಡಿಯೊ ಹಾಕಿ, ರಾಜಕೀಯ ಬೇರೆ, ನನ್ನ ಬದುಕು ಬೇರೆ ಅನ್ನೋ ಅರ್ಥ ಬರುವ ಹಾಗೆ ಉತ್ತರ ಕೊಟ್ಟರು.

ನನಗೆ ಆ ಉತ್ತರ ಹಿಡಿಸಿತು. ಆದರೆ ಒಂದು ವಿಷಯ ಇನ್ನೂ ಕಾಡುತ್ತಿದೆ. ನಮ್ಮಲ್ಲಿ ರಾಜಕೀಯ ನಡೆಯುವುದೇ ಮನೆಯಲ್ಲಿ. ಬೆಳಗ್ಗೆ ಜನ ಬರುವುದು ಮನೆಗೆ, ಪಂಚಾಯ್ತಿಕೆ ಆಗುವುದು ಜಗಲಿ ಮೇಲೆ, ಟಿಕೆಟ್ ಮಾತುಕತೆ ಆಗುವುದು ಊಟದ ಮೇಜಿನಲ್ಲಿ. ಗಂಡಸು ಶಾಸಕನಾದರೆ ಹೆಂಡತಿ ಕಾಫಿ ಕೊಟ್ಟು, ಬಂದವರ ಹೆಸರು ನೆನಪಿಟ್ಟುಕೊಂಡು, ಅರ್ಧ ಆಫೀಸನ್ನೇ ಪುಕ್ಕಟೆ ನಡೆಸುತ್ತಾಳೆ. ಹೆಂಗಸು ಶಾಸಕಿಯಾದರೆ ಆ ಕೆಲಸ ಯಾರದ್ದು? ಮನೆ ಬಾಗಿಲು ತೆರೆದಿಡು ಅನ್ನುವವರೇ ಆಮೇಲೆ ಮನೆಯೊಳಗೆ ಇಣುಕುತ್ತಾರೆ. ಈ ಬಗ್ಗೆ ನಿಮಗೆಲ್ಲ ಏನನ್ನಿಸುತ್ತದೆ?


ಸುಮ್ನೆ ಓದುಗ

ನಯನಾ ಅವರ ಬಟ್ಟೆ ವಿಷಯದಲ್ಲಿ ನಾನು ನಿಮ್ಮ ಪರ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ತಾಯಿ ಆದ ಮೇಲೆ ಮಗಳು. ಇದು ಕುಟುಂಬ ರಾಜಕಾರಣ ಅಲ್ವಾ? ಗಂಡಸರು ಮಾಡಿದರೆ ಬೈಯುತ್ತೇವೆ. ಹೆಂಗಸರು ಮಾಡಿದರೆ ಚಪ್ಪಾಳೆಯಾ? ಮೂಡಿಗೆರೆಯಲ್ಲಿ ಕಾಫಿ ತೋಟದ ಕೂಲಿ ಲೈನಿನಲ್ಲಿ ಬೆಳೆದ ಬೇರೆ ಹೆಣ್ಣುಮಗಳು ಇರಲಿಲ್ಲವೇ?


ಕಾಫಿಕಣ

ಹೌದು, ಕುಟುಂಬ ರಾಜಕಾರಣವೇ. ಸುಳ್ಳು ಯಾಕೆ ಹೇಳಲಿ. ಆದರೆ 2023ರಲ್ಲಿ ಗೆದ್ದ ಹೆಂಗಸರ ಪಟ್ಟಿ ಒಮ್ಮೆ ನೋಡಿ. 224ರಲ್ಲಿ ಹತ್ತೇ ಜನ. ಕೆಜಿಎಫ್‌ನ ರೂಪಕಲಾ ಕೆ.ಎಚ್. ಮುನಿಯಪ್ಪ ಅವರ ಮಗಳು. ಹರಪನಹಳ್ಳಿಯಲ್ಲಿ ಪಕ್ಷೇತರರಾಗಿ ಗೆದ್ದ ಲತಾ ಮಲ್ಲಿಕಾರ್ಜುನ್ ಎಂ.ಪಿ. ಪ್ರಕಾಶ್ ಅವರ ಮಗಳು. ಕಲಬುರಗಿ ಉತ್ತರದ ಕನೀಜ್ ಫಾತಿಮಾ ಖಮರುಲ್ ಇಸ್ಲಾಂ ಅವರ ಪತ್ನಿ, 2017ರಲ್ಲಿ ಪತಿ ತೀರಿಕೊಂಡ ಮೇಲೆ ಬಂದವರು. ಮಹದೇವಪುರದ ಮಂಜುಳಾ ಲಿಂಬಾವಳಿ ಅವರಿಗೆ ಟಿಕೆಟ್ ಸಿಕ್ಕಿದ್ದು ಗಂಡನಿಗೆ ತಪ್ಪಿದಾಗ. ಆಮೇಲೆ 2024ರ ನವೆಂಬರ್ ಉಪಚುನಾವಣೆಯಲ್ಲಿ ಸಂಡೂರಿಂದ ಅನ್ನಪೂರ್ಣ ಗೆದ್ದರು. ಗಂಡ ಇ. ತುಕಾರಾಂ ಸಂಸದರಾಗಿ ಹೋದದ್ದರಿಂದ ಖಾಲಿಯಾದ ಸೀಟು ಅದು.

ಇವರೆಲ್ಲ ಅಪ್ಪನಿಂದಲೋ ಗಂಡನಿಂದಲೋ ಬಂದವರು. ಇವರಲ್ಲಿ ಯಾರೂ ಅಸಮರ್ಥರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಹತ್ತರಲ್ಲಿ ಅಮ್ಮನ ಕ್ಷೇತ್ರ ಮಗಳಿಗೆ ಬಂದದ್ದು ಮೂಡಿಗೆರೆ ಒಂದರಲ್ಲೇ. ಅಂದರೆ ಹಿಂದಿನ ತಲೆಮಾರಿನಲ್ಲಿ ಕ್ಷೇತ್ರವನ್ನ "ನನ್ನದು" ಅನ್ನುವಷ್ಟು ಕಾಲ ಹಿಡಿದು ನಿಂತ ಹೆಂಗಸರೇ ಕಮ್ಮಿ. ಬಿಟ್ಟುಕೊಡೋಕೆ ಮೊದಲು ಇರಬೇಕಲ್ಲ! ನನಗೆ ಆಸಕ್ತಿ ಇರುವುದು ಇಲ್ಲಿ.


ಗುಂಡ್ಲುಪೇಟೆ ಕಡೆಯವ

ಹಿಡಿದು ನಿಂತವರು ಬೇಕಾ? ನಮ್ಮ ಊರಿಗೆ ಬನ್ನಿ.

ಕೆ.ಎಸ್. ನಾಗರತ್ನಮ್ಮ. 1957ರಲ್ಲಿ ಮೊದಲ ಗೆಲುವು. ಒಟ್ಟು ಏಳು ಸಲ ಗುಂಡ್ಲುಪೇಟೆಯಿಂದ ಶಾಸಕಿ. 1972ರಿಂದ 1978ರವರೆಗೆ ವಿಧಾನಸಭಾಧ್ಯಕ್ಷೆ. ಆ ಪೀಠದಲ್ಲಿ ಅವರಿಗಿಂತ ಮುಂಚೆ ಹೆಂಗಸು ಕೂತಿರಲಿಲ್ಲ, ಆಮೇಲೂ ಕೂತಿಲ್ಲ. ಮುಂದೆ ವೀರೇಂದ್ರ ಪಾಟೀಲರ ಸಂಪುಟದಲ್ಲಿ ಆರೋಗ್ಯ ಸಚಿವೆ. ನಮ್ಮ ಅಜ್ಜನ ಕಾಲದವರು ಅವರ ಹೆಸರು ಹೇಳುವಾಗ ಈಗಲೂ ದನಿ ಸ್ವಲ್ಪ ತಗ್ಗಿಸುತ್ತಾರೆ. ಭಯವೋ ಗೌರವವೋ, ಎರಡೂ ಸೇರಿಯೋ ಗೊತ್ತಿಲ್ಲ. ಯಾರ ಮಗಳು, ಯಾರ ಹೆಂಡತಿ ಅಂತ ಅವರನ್ನ ಗುರುತಿಸಿದ್ದು ನಾನು ಕೇಳಿಲ್ಲ. "ನಾಗರತ್ನಮ್ಮನೋರು" ಅಂದರೆ ಮುಗಿಯಿತು.

ಅವರ ಎದುರು 1985, 1989ರಲ್ಲಿ ಸೋತವರು ಎಚ್.ಎಸ್. ಮಹದೇವಪ್ರಸಾದ್. 1994ರಿಂದ ಕ್ಷೇತ್ರ ಅವರದ್ದಾಯಿತು. 2017ರ ಜನವರಿಯಲ್ಲಿ ಅವರು ಸಚಿವರಾಗಿದ್ದಾಗಲೇ ತೀರಿಕೊಂಡರು. ಏಪ್ರಿಲ್‌ನಲ್ಲಿ ಉಪಚುನಾವಣೆ. ನಿಂತವರು ಅವರ ಪತ್ನಿ ಗೀತಾ. ನಾನು ಆಗ ಊರಲ್ಲೇ ಇದ್ದೆ. "ಇಷ್ಟು ಬೇಗ ಹೊಸ್ತಿಲು ದಾಟಿ ಬಂದರಲ್ಲ" ಅಂತ ಟೀ ಅಂಗಡಿಯಲ್ಲಿ ಮಾತು. ಅದೇ ಅಂಗಡಿಯಲ್ಲಿ "ಪಾಪ, ವೋಟು ಹಾಕಬೇಕು" ಅಂತಲೂ ಮಾತು. ಬಯ್ದವರೂ ಅವರ ಅಳುವನ್ನೇ ನೋಡಿದರು, ಮತ ಹಾಕಿದವರೂ ಅಳುವನ್ನೇ ನೋಡಿದರು. ರಸ್ತೆ, ಕೆರೆ, ಕಬ್ಬಿನ ಬಾಕಿ ಯಾರೂ ಕೇಳಲಿಲ್ಲ. ಗೆದ್ದರು, ಸಚಿವೆಯೂ ಆದರು. 2018ರಲ್ಲಿ ಸೋತರು. 2023ಕ್ಕೆ ಮಗ ಗಣೇಶ್ ಪ್ರಸಾದ್ ಗೆದ್ದರು.

ಒಂದೇ ಊರಲ್ಲಿ ಎರಡು ಥರ ಕಂಡೆವು. ನಾಗರತ್ನಮ್ಮನವರು ಮೊದಲು ಗೆದ್ದ ಕಾಲದಲ್ಲಿ ವಿಧಾನಸಭೆಯಲ್ಲಿ ಹೆಂಗಸರಿಗೆ ಮೀಸಲಾತಿಯ ಮಾತೇ ಇರಲಿಲ್ಲ ಅನ್ನೋದನ್ನೂ ಮರೆಯಬೇಡಿ. 1962ರಲ್ಲಿ 208 ಸೀಟಿನ ಸಭೆಗೆ 18 ಹೆಂಗಸರು ಗೆದ್ದಿದ್ದರು. ಅರವತ್ತು ವರ್ಷ ಆದ ಮೇಲೆ ಹತ್ತು. ಮುಂದೆ ಹೋಗಿದ್ದೀವೋ ಹಿಂದೆ ಬಂದಿದ್ದೀವೋ ನೀವೇ ಹೇಳಿ.


ಸುಮ್ನೆ ಓದುಗ

ಆ 18 ಹೇಗೆ ಸಾಧ್ಯವಾಯಿತು?


ಗುಂಡ್ಲುಪೇಟೆ ಕಡೆಯವ

ನನ್ನ ಅಂದಾಜು ಹೇಳುತ್ತೇನೆ, ಲೆಕ್ಕ ಅಲ್ಲ. ಆಗಿನವರು ಬಹಳ ಮಂದಿ ಸ್ವಾತಂತ್ರ್ಯ ಚಳವಳಿಯ ಗಾಳಿಯಲ್ಲಿ ಬೆಳೆದವರು, ಪಕ್ಷದಲ್ಲಿ ಅವರಿಗೆ ಹೆಸರಿತ್ತು. ಚುನಾವಣೆಗೆ ಇಷ್ಟು ದುಡ್ಡು ಬೇಕಿರಲಿಲ್ಲ. ಈಗ ಟಿಕೆಟ್ ಅಂದರೆ ಮೊದಲು ಕೇಳುವುದೇ "ಎಷ್ಟು ಹಾಕ್ತೀರಾ" ಅಂತ. ಜಮೀನು ಯಾರ ಹೆಸರಲ್ಲಿದೆಯೋ ಅವರೇ ಅಭ್ಯರ್ಥಿ. ನಮ್ಮ ಮನೆಗಳಲ್ಲಿ ಪಹಣಿ ಯಾರ ಹೆಸರಲ್ಲಿರುತ್ತದೆ ಅಂತ ನಿಮಗೇ ಗೊತ್ತು.


ಮಾಜಿ ಪಂಚಾಯ್ತಿ

ನಾನು ದೊಡ್ಡ ರಾಜಕೀಯ ಮಾಡಿದವಳಲ್ಲ. ಮಲೆನಾಡಿನ ಒಂದು ಗ್ರಾಮ ಪಂಚಾಯ್ತಿಗೆ 2020ರ ಡಿಸೆಂಬರ್‌ನಲ್ಲಿ ಗೆದ್ದು, ಒಂದು ಅವಧಿ ಅಧ್ಯಕ್ಷೆ ಆಗಿದ್ದೆ. ಮೂವತ್ತು ತಿಂಗಳ ಅವಧಿ. ಮನೆ ಬಾಗಿಲಿನ ವಿಷಯ ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ.

ಬೆಳಗ್ಗೆ ಆರಕ್ಕೆ ಜನ ಬರುತ್ತಿದ್ದರು. ವಿಧವಾ ವೇತನ ನಿಂತಿದೆ, ನೀರಿನ ಮೋಟರ್ ಸುಟ್ಟಿದೆ, ಆಸ್ತಿಯ ಇ-ಸ್ವತ್ತು ದಾಖಲೆ ಆಗಿಲ್ಲ, ಪಕ್ಕದ ಮನೆಯವರು ಚರಂಡಿ ಮುಚ್ಚಿದ್ದಾರೆ. ಮಗಳು ಆಗ ಎಸ್ಸೆಸ್ಸೆಲ್ಸಿ. ಒಲೆ ಮೇಲೆ ದೋಸೆ ಕಾವಲಿ. ಒಂದು ಕೈಯಲ್ಲಿ ಸಟ್ಟುಗ, ಇನ್ನೊಂದು ಕೈಯಲ್ಲಿ ಯಾರದ್ದೋ ಅರ್ಜಿ. ನಮ್ಮ ಅತ್ತೆ ಮೊದಮೊದಲು ಗೊಣಗುತ್ತಿದ್ದರು. ಆಮೇಲೆ ಅವರೇ ಜಗಲಿಯಲ್ಲಿ ಕೂತು "ನಿಂದೇನು ವಿಷಯ, ನಿಂದೇನು ವಿಷಯ" ಅಂತ ವಿಚಾರಿಸೋಕೆ ಶುರು ಮಾಡಿದರು. ಅರ್ಧ ಜನರನ್ನ ಅವರೇ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕಳಿಸುತ್ತಿದ್ದರು. ನಿಜ ಹೇಳಬೇಕಂದರೆ ಅವರಿಲ್ಲದಿದ್ದರೆ ನಾನು ಆರು ತಿಂಗಳೂ ತಾಳುತ್ತಿರಲಿಲ್ಲ.

ಇನ್ನು ಡಾಂಗಲ್ ಕಥೆ. ಪಂಚಾಯ್ತಿಯಲ್ಲಿ ಬಿಲ್ ಪಾಸ್ ಆಗಬೇಕಾದರೆ ಪಿಡಿಒ ಜೊತೆ ಅಧ್ಯಕ್ಷರ ಡಿಜಿಟಲ್ ಸಹಿಯೂ ಬೇಕು. ಪೆನ್‌ಡ್ರೈವ್ ಥರ ಒಂದು ಸಣ್ಣ ಡಾಂಗಲ್ ಕೊಡುತ್ತಾರೆ. ಅದು ಯಾರ ಜೇಬಲ್ಲಿದೆಯೋ ಅವರೇ ಅಸಲಿ ಅಧ್ಯಕ್ಷರು. ಗೆದ್ದ ವಾರವೇ ನಮ್ಮ ಯಜಮಾನರ ಗೆಳೆಯರು, "ಅಕ್ಕ, ನೀವ್ಯಾಕೆ ಆಫೀಸಿಗೆ ಓಡಾಡ್ತೀರಾ, ಅಣ್ಣನ ಹತ್ರ ಕೊಡಿ ಸಾಕು" ಅಂದರು. ಯಜಮಾನರು ಏನೂ ಹೇಳಲಿಲ್ಲ, ಆದರೆ ಬೇಡ ಅಂತಲೂ ಹೇಳಲಿಲ್ಲ. ನಾನು ಡಾಂಗಲನ್ನ ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟೆ. ನಮ್ಮ ಮನೆಯಲ್ಲಿ ಗಂಡಸರು ಯಾವತ್ತೂ ಕೈಹಾಕದ ಜಾಗ ಅದೊಂದೇ. ಅವಧಿ ಮುಗಿಯುವವರೆಗೂ ಅಲ್ಲೇ ಇತ್ತು.

ಪಕ್ಕದ ಪಂಚಾಯ್ತಿಯೊಂದರಲ್ಲಿ ಅಧ್ಯಕ್ಷೆಯ ಕುರ್ಚಿ ಪಕ್ಕ ಇನ್ನೊಂದು ಕುರ್ಚಿ ಇರುತ್ತಿತ್ತು. ಯಾರಿಗೆ ಅಂತ ಹೇಳಬೇಕಾಗಿಲ್ಲ.


ಬೆಂಗ್ಳೂರ್ ಬಸ್ಸು

ಸಾಸಿವೆ ಡಬ್ಬಿ 😂 ಮೇಡಂ, ನೀವು ಎಂಎಲ್ಎ ಆಗಬೇಕಿತ್ತು.


ರಾಯಚೂರು ಬಿಸಿಲು

ನಾನು ಬೇರೆ ಒಂದು ಲೆಕ್ಕ ಇಡುತ್ತೇನೆ. ಗೆದ್ದು ಸಚಿವೆ ಆದ ಹೆಂಗಸರಿಗೆ ಯಾವ ಖಾತೆ ಸಿಗುತ್ತದೆ?

ಮೋಟಮ್ಮ ಅವರಿಗೆ ಮಹಿಳಾ ಮತ್ತು ಮಕ್ಕಳ ಕಲ್ಯಾಣ. 2013ರಲ್ಲಿ ಉಮಾಶ್ರೀ, ಅದೇ ಖಾತೆ. 2018ರಲ್ಲಿ ಜಯಮಾಲಾ, ಅದೇ. 2019ರಲ್ಲಿ ಶಶಿಕಲಾ ಜೊಲ್ಲೆ, ಅದೇ. 2023ರಲ್ಲಿ ಲಕ್ಷ್ಮೀ ಹೆಬ್ಬಾಳಕರ್, ಅದೇ. ಸರಕಾರ ಯಾವುದಾದರೂ ಇರಲಿ, ಸಂಪುಟದಲ್ಲಿ ಹೆಂಗಸಿಗೆ ಒಂದು ಕುರ್ಚಿ, ಅದರ ಮೇಲೆ ಮೊದಲೇ ಖಾತೆಯ ಹೆಸರು ಬರೆದಿಟ್ಟಿರುತ್ತಾರೆ. ಹಣಕಾಸು, ಗೃಹ, ಜಲಸಂಪನ್ಮೂಲ ಅಂದರೆ ಹೆಂಗಸರ ಹೆಸರೇ ನೆನಪಾಗುವುದಿಲ್ಲ ನೋಡಿ ಇವರಿಗೆ.

ಖಾತೆ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಹೋಗುವುದು ಇದೇ ಇಲಾಖೆಯಿಂದ, ಅಂಗನವಾಡಿ ಇರುವುದು ಇಲ್ಲೇ. ಆದರೆ ಮನೆ, ಮಗು, ಊಟ ನೋಡಿಕೊಳ್ಳುವುದು ಹೆಂಗಸರ ಕೆಲಸ ಅನ್ನೋದನ್ನ ಸಂಪುಟದ ತನಕ ಎಳೆದುಕೊಂಡು ಹೋಗಿದ್ದಾರೆ.

ಇದಕ್ಕೆ ಹೊರತಾದವರಲ್ಲಿ ಒಬ್ಬರು ಶೋಭಾ ಕರಂದ್ಲಾಜೆ. 2008ರಲ್ಲಿ ಯಡಿಯೂರಪ್ಪನವರ ಬಿಜೆಪಿ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಿಕ್ಕಿತು. ದೊಡ್ಡ ಖಾತೆ, ದುಡ್ಡಿನ ಖಾತೆ. 2009ರ ನವೆಂಬರ್‌ನಲ್ಲಿ ಅದೇ ಸರಕಾರದಲ್ಲಿದ್ದ ಬಳ್ಳಾರಿಯ ಗಣಿ ಧಣಿಗಳು, ರೆಡ್ಡಿ ಸಹೋದರರು, ಬಂಡೆದ್ದರು. ರಾಜಿಗೆ ಬೆಲೆಯಾಗಿ ರಾಜೀನಾಮೆ ಕೊಡಬೇಕಾಗಿ ಬಂದದ್ದು ಆ ಸಂಪುಟದ ಒಬ್ಬಳೇ ಹೆಂಗಸು. ಮರುವರ್ಷ ವಾಪಸ್ ಬಂದರು, ಆಗ ಇಂಧನ ಖಾತೆ. ಅವರ ಪಕ್ಷ ನನಗೆ ಆಗಿಬರುವುದಿಲ್ಲ. ಆದರೂ ಆಗ ಅವರ ಬಗ್ಗೆ ಚಹಾದಂಗಡಿಯಲ್ಲಿ ಆಡಿದ ಮಾತು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಇಲಾಖೆಯಲ್ಲಿ ಏನು ಮಾಡಿದರು ಅಂತ ಒಬ್ಬನೂ ಮಾತಾಡಲಿಲ್ಲ.


ಶಿಸ್ತಿನ ಸಿಪಾಯಿ

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ, ಅದಕ್ಕೆ ನಾನು ಬೇರೆ ಹೇಳುತ್ತೇನೆ. ಸಾರ್ವಜನಿಕ ಜೀವನಕ್ಕೆ ಬಂದ ಮೇಲೆ ಖಾಸಗಿ ಬದುಕು ಅಂತ ಬೇರೆ ಇರುವುದಿಲ್ಲ. ಗಂಡಸಿಗೂ ಇಲ್ಲ, ಹೆಂಗಸಿಗೂ ಇಲ್ಲ. ಹಳ್ಳಿಯ ಕ್ಷೇತ್ರ ಅಂದರೆ ಜನರಿಗೆ ಒಂದು ನಿರೀಕ್ಷೆ ಇರುತ್ತದೆ. ಶಾಸಕಿಯನ್ನ ಮನೆಮಗಳು ಅಂತ ಕರೆಯುತ್ತಾರೆ. ಪ್ರಚಾರಕ್ಕೆ ಬಂದಾಗ "ನಿಮ್ಮ ಮನೆ ಮಗಳು" ಅಂತ ಸೆರಗೊಡ್ಡಿ ಕೇಳಿದವರು ತಾನೇ? ಗೆದ್ದ ಮೇಲೆ "ನನ್ನ ಬದುಕು ನನ್ನದು" ಅಂದರೆ ಹೇಗೆ?


ಮಾಜಿ ಪಂಚಾಯ್ತಿ

ಸಿಪಾಯಿಯವರೇ, "ಮನೆ ಮಗ" ಅಂತ ಹೇಳಿಕೊಂಡು ಗೆದ್ದ ಗಂಡಸರ ಪ್ಯಾಂಟು-ಶರ್ಟು ಯಾರು ಅಳೆದರು ಹೇಳಿ.


ಬೆಂಗ್ಳೂರ್ ಬಸ್ಸು

2012ರ ಫೆಬ್ರವರಿ ನೆನಪಿದೆಯಾ? ಸದನ ನಡೆಯುವಾಗಲೇ ಮೊಬೈಲಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಮನೆಯಲ್ಲಲ್ಲ, ರಜೆಯಲ್ಲಲ್ಲ, ವಿಧಾನಸಭೆಯ ಒಳಗೆ. ಆ ಮೂವರಲ್ಲಿ ಒಬ್ಬರು 2019ರಲ್ಲಿ ಉಪಮುಖ್ಯಮಂತ್ರಿಯೇ ಆದರು. ಅದು ಮಾಫಿ. ಇವರು ರಜೆಯಲ್ಲಿ ಹಾಕಿದ ಬಟ್ಟೆ ಅಪರಾಧ. ನಿಮ್ಮ ಶಿಸ್ತು ಒಳ್ಳೇ ಶಿಸ್ತು ಕಣ್ರೀ.


ಶಿಸ್ತಿನ ಸಿಪಾಯಿ

ಅದನ್ನ ನಾನು ಸಮರ್ಥಿಸುತ್ತಿಲ್ಲ. ಅದೂ ತಪ್ಪೇ. ಒಂದು ತಪ್ಪಿಗೆ ಇನ್ನೊಂದು ತೋರಿಸಬೇಡಿ. ನನ್ನ ಪ್ರಶ್ನೆ ಇಷ್ಟೇ: ಜನಪ್ರತಿನಿಧಿಯ ಬದುಕಿನಲ್ಲಿ ಮತದಾರ ಏನು ಕೇಳಬಹುದು, ಏನು ಕೇಳಬಾರದು? ಗೆರೆ ಎಲ್ಲಿದೆ?


ಕಪ್ಪು ಕೋಟು

ಗೆರೆ ಎಲ್ಲಿದೆ ಅನ್ನೋದಕ್ಕೆ ಕಾನೂನಿನಲ್ಲಿ ಸುಮಾರು ಉತ್ತರ ಇದೆ. ನಾಮಪತ್ರದ ಜೊತೆ ಫಾರಂ 26ರಲ್ಲಿ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಕ್ರಿಮಿನಲ್ ಕೇಸು, ಓದು, ಆದಾಯ, ಆಸ್ತಿ, ಸಾಲ ಎಲ್ಲಾ ಬರೆಯಬೇಕು. ತನ್ನದು ಮಾತ್ರ ಅಲ್ಲ. ಗಂಡ ಅಥವಾ ಹೆಂಡತಿಯದ್ದು, ಅವಲಂಬಿತರದ್ದು ಕೂಡ. ಇದು ಸುಮ್ನೆ ಬಂದದ್ದಲ್ಲ. 2002ರಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಯ ವಿವರ ತಿಳಿಯುವುದು ಮತದಾರನ ಹಕ್ಕು ಅಂತ ಹೇಳಿತು. ಅದನ್ನ ಮೊಟಕು ಮಾಡಲು ಸಂಸತ್ತು ಕಾನೂನು ತಂದಿತು, 2003ರಲ್ಲಿ ಕೋರ್ಟ್ ಅದನ್ನೂ ಹೊಡೆದುಹಾಕಿತು.

ಅಂದರೆ ಗಂಡನ ಹೆಸರಲ್ಲಿ ಎಷ್ಟು ಎಕರೆ ಇದೆ, ಮಗನ ಕಂಪನಿಗೆ ಗುತ್ತಿಗೆ ಸಿಕ್ಕಿತಾ, ಇವನ್ನ ನೀವು ಧಾರಾಳವಾಗಿ ಕೇಳಿ. ಕೇಳಲೇಬೇಕು. ಗಂಡನ ಜೊತೆ ಸಂಸಾರ ಹೇಗಿದೆ, ಮದುವೆ ಯಾಕೆ ಆಗಿಲ್ಲ, ಸಮುದ್ರ ತೀರಕ್ಕೆ ಏನು ಹಾಕಿಕೊಂಡು ಹೋದರು ಅನ್ನೋ ಕಾಲಂ ಫಾರಂ 26ರಲ್ಲಿ ಇಲ್ಲ. ತಮಾಷೆ ಏನಂದರೆ, ನಾನು ನೋಡಿದ ಹಾಗೆ ಆಸ್ತಿ ವಿವರ ಓದುವವರು ಯಾರೂ ಇಲ್ಲ. ಚುನಾವಣಾ ಆಯೋಗದ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಫೋಟೊ ಹುಡುಕುವುದರಲ್ಲಿ ಕಾಲು ಭಾಗ ಶ್ರದ್ಧೆ ಅದರಲ್ಲಿ ತೋರಿಸಿದ್ದರೆ ಸಾಕಿತ್ತು.


ಶಿಸ್ತಿನ ಸಿಪಾಯಿ

ಆಸ್ತಿ ಬಗ್ಗೆ ಒಪ್ಪಿದೆ. ಫೋಟೊ ಹಂಚಿದವರನ್ನೂ ನಾನು ಮೆಚ್ಚುವುದಿಲ್ಲ. ಆದರೆ ಶಾಸಕಿ ಆಗಿ ಅದಕ್ಕೆ ವಿಡಿಯೊ ಉತ್ತರ ಕೊಡುವ ಅಗತ್ಯ ಇರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಸುಮ್ಮನಿದ್ದರೆ ತಾನಾಗೇ ತಣ್ಣಗಾಗುತ್ತಿತ್ತು.


ಕಾಫಿಕಣ

ಸುಮ್ಮನಿದ್ದರೆ ತಣ್ಣಗಾಗುತ್ತದೆ ಅನ್ನೋದನ್ನ ಮೋಟಮ್ಮ ಅವರ ತಲೆಮಾರು ಪಾಲಿಸಿತ್ತು. ಆಗ ಗಾಳಿಮಾತು ಒಂದು ಸಂತೆಯಿಂದ ಇನ್ನೊಂದು ಸಂತೆಗೆ ಹೋಗೋಕೆ ವಾರ ಹಿಡಿಯುತ್ತಿತ್ತು. ಅವರು ತಮ್ಮ ಮಾತು ಹೇಳಿದ್ದು ಆತ್ಮಕಥೆ ಬರೆದಾಗ, ಅದೂ ದಶಕಗಳ ರಾಜಕೀಯ ಮುಗಿಸಿ. ಮಗಳಿಗೆ ಅಷ್ಟು ಪುರಸೊತ್ತು ಎಲ್ಲಿದೆ? ಒಂದು ಸಂಜೆಯಲ್ಲಿ ಇಡೀ ಜಿಲ್ಲೆಯ ಮೊಬೈಲಿಗೆ ಫೋಟೊ ಹೋಗಿಬಿಟ್ಟಿರುತ್ತದೆ.

ಇನ್ನೊಂದು. ಮೂಡಿಗೆರೆ ಶಾಸಕರ ಕೆಲಸ ಏನು ಅಂತ ಗೊತ್ತಾ ನಿಮಗೆ? ಆನೆ. ಅದೇ ದೊಡ್ಡದು. 2022ರ ನವೆಂಬರ್‌ನಲ್ಲಿ ಕುಂದೂರು ಕಡೆ ಆನೆ ದಾಳಿಗೆ ಒಬ್ಬ ಹೆಣ್ಣುಮಗಳು ಸತ್ತಾಗ ಅಲ್ಲಿಗೆ ಹೋದ ಅಂದಿನ ಶಾಸಕರ ಬಟ್ಟೆಯನ್ನೇ ಜನ ಹರಿದು ಹಾಕಿದ್ದರು. ಅಷ್ಟು ಸಿಟ್ಟು ಊರಲ್ಲಿ. ಈಗಲೂ ಆನೆ ತೋಟಕ್ಕೆ ಬಂದರೆ ರಾತ್ರಿ ಫೋನು ಶಾಸಕರಿಗೇ ಹೋಗುತ್ತದೆ. ಜೊತೆಗೆ ಮಳೆಗಾಲದಲ್ಲಿ ಗುಡ್ಡ ಜರಿತ, ಕಾಫಿ ಬೆಳೆ ಹೋದ ಪರಿಹಾರ, ಒತ್ತುವರಿ ನೋಟಿಸು. ನನ್ನ ಕೇಳಿದರೆ ಈ ಶಾಸಕಿಯನ್ನ ಅಳೆಯಬೇಕಾದದ್ದು ಇದರಲ್ಲಿ. ಆನೆ ವಿಷಯದಲ್ಲಿ ಅವರು ಮಾಡಿದ್ದು ಸಾಕಾ ಅಂತ ನನಗೂ ತಕರಾರಿದೆ. ಆದರೆ ಆ ತಕರಾರು ಎತ್ತೋಕೆ ಹೋದರೆ ಜನ ಮತ್ತೆ ಫೋಟೊ ಕಳಿಸುತ್ತಾರೆ. ಟೀಕೆ ಮಾಡುವವರ ಕೆಲಸವನ್ನೇ ಇವರು ಹಾಳು ಮಾಡಿಬಿಟ್ಟರು.


ರಾಯಚೂರು ಬಿಸಿಲು

ಇದು ಸರಿಯಾದ ಮಾತು. ಗಾಸಿಪ್ಪಿನಿಂದ ಶಾಸಕಿಗೆ ಲಾಭವೂ ಉಂಟು ಅನ್ನಿ ಹಾಗಾದರೆ. ನಿಜವಾದ ಪ್ರಶ್ನೆ ಬರುವುದೇ ಇಲ್ಲ.

ನಮ್ಮ ದೇವದುರ್ಗದ ಒಂದು ಮಾತು ಹೇಳಿಬಿಡುತ್ತೇನೆ. 1994ರಲ್ಲಿ ಇಲ್ಲಿಂದ ಗೆದ್ದವರು ಬಿ.ಟಿ. ಲಲಿತಾ ನಾಯಕ್. ಲಂಬಾಣಿ ತಾಂಡಾದಿಂದ ಬಂದ ಲೇಖಕಿ, ಮೂಲ ನಿಮ್ಮ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕು. ಅಷ್ಟು ದೂರದಿಂದ ಬಂದು ಇಲ್ಲಿ ಗೆದ್ದು ಮಂತ್ರಿಯೂ ಆದರು. ಅಪ್ಪ, ಗಂಡ, ಮಾವ ಅಂತ ಯಾವ ಕ್ಷೇತ್ರದ ಗಂಟೂ ಅವರಿಗೆ ಇರಲಿಲ್ಲ. 2023ರಲ್ಲಿ ಅದೇ ದೇವದುರ್ಗದಲ್ಲಿ ಜೆಡಿಎಸ್‌ನಿಂದ ಕರೆಮ್ಮ ನಾಯಕ್ ಗೆದ್ದರು. ಬಿಸಿಲೂರು, ಹಿಂದುಳಿದ ತಾಲ್ಲೂಕು ಅಂತ ಎಲ್ಲರೂ ಬರೆಯುತ್ತಾರೆ. ಬೆಂಗಳೂರಿನಲ್ಲಿ ಇಷ್ಟೊಂದು ಕ್ಷೇತ್ರಗಳಿದ್ದೂ 2023ರಲ್ಲಿ ಗೆದ್ದ ಹೆಂಗಸು ಒಬ್ಬರೇ. ಯಾರು ಹಿಂದುಳಿದವರು?


ಬೆಂಗ್ಳೂರ್ ಬಸ್ಸು

ಅಯ್ಯೋ, ನೇರ ನಮ್ಮ ಬುಡಕ್ಕೇ ಬಂದಿರಲ್ಲ. ಉತ್ತರ ಇಲ್ಲ.


ಸುಮ್ನೆ ಓದುಗ

ಸರಿ, ಮುಂದೇನು? 2023ರಲ್ಲಿ ಸಂವಿಧಾನದ 106ನೇ ತಿದ್ದುಪಡಿ ಆಯಿತು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಸೀಟು ಹೆಂಗಸರಿಗೆ. ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅಂತ ಅದರಲ್ಲೇ ಬರೆದಿದ್ದಾರೆ. ಈಗಿನ 224ರ ಲೆಕ್ಕ ಹಿಡಿದರೆ ಸುಮಾರು 75 ಸೀಟು. ಹತ್ತರಿಂದ 75ಕ್ಕೆ. ಎಲ್ಲಿಂದ ತರುತ್ತಾರೆ ಅಷ್ಟು ಜನರನ್ನ? ನನ್ನ ಭಯ ಏನಂದರೆ, ಇರೋ ಶಾಸಕರ ಹೆಂಡತಿ, ಸೊಸೆ, ಮಗಳು ಸೇರಿಸಿದರೆ ಸರಿಯಾಗಿ 75 ಆಗುತ್ತದೆ.


ಕಾಫಿಕಣ

ಮೊದಲ ಸಲ ಹಾಗೇ ಆಗುತ್ತದೆ, ನನಗೆ ಅನುಮಾನವಿಲ್ಲ. ಪಂಚಾಯ್ತಿಯಲ್ಲೂ ಹಾಗೇ ಆಗಿತ್ತಲ್ಲ. 1983ರ ಕಾಯ್ದೆಯಲ್ಲಿ ನಮ್ಮ ರಾಜ್ಯ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತಿನಲ್ಲಿ ಶೇ. 25 ಹೆಂಗಸರಿಗೆ ಇಟ್ಟಿತು. ಚುನಾವಣೆ ಆದದ್ದು 1987ರಲ್ಲಿ. ದೇಶಕ್ಕೆಲ್ಲ ಮೂರನೇ ಒಂದು ಬರುವ ಮುಂಚೆಯೇ. 2010ರಿಂದ ಅರ್ಧಕ್ಕೆ ಅರ್ಧ. ಮೊದಮೊದಲು ಗಂಡಂದಿರೇ ಮೀಟಿಂಗಿಗೆ ಬರುತ್ತಿದ್ದರು. ಈಗಲೂ ಬರುವವರು ಇದ್ದಾರೆ. ಆದರೆ ಅಲ್ಲಿಂದಲೇ ಸಾಸಿವೆ ಡಬ್ಬಿಯವರೂ ಬಂದಿದ್ದಾರೆ.

ನನಗೆ ಕಾಣುವ ದೊಡ್ಡ ತೊಡಕು ನಡುವಿನ ಮೆಟ್ಟಿಲು. ಗ್ರಾಮ ಪಂಚಾಯ್ತಿಯಲ್ಲಿ ಕೆಲಸ ಕಲಿತ ಹೆಂಗಸು ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ ಹೋಗಬೇಕು. ಅಲ್ಲಿ ಪಕ್ಷದ ಚಿಹ್ನೆ ಮೇಲೆ ನಿಲ್ಲುತ್ತಾರೆ, ಪಕ್ಷದ ಕಣ್ಣಿಗೆ ಬೀಳುತ್ತಾರೆ. ಸುಳ್ಯದ ಭಾಗೀರಥಿ ಮುರುಳ್ಯ ಜಿಲ್ಲಾ ಪಂಚಾಯ್ತಿಯಲ್ಲಿ ಇದ್ದು ಬಂದವರು. ಆರು ಸಲ ಗೆದ್ದಿದ್ದ ಎಸ್. ಅಂಗಾರ ಅವರನ್ನ ಬಿಟ್ಟು ಪಕ್ಷ ಇವರಿಗೆ 2023ರಲ್ಲಿ ಟಿಕೆಟ್ ಕೊಟ್ಟಿತು, ಗೆದ್ದರು. ಹಾಗೆ ಮೇಲೆ ಹತ್ತಬಹುದು. ಆದರೆ ಆ ಚುನಾವಣೆಯನ್ನೇ ನಡೆಸದಿದ್ದರೆ? 2016ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ ಮತ ಹಾಕಿದೆವು. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ಸರಕಾರ ಬದಲಾದರೂ ವರ್ಷಗಟ್ಟಲೆ ಎಳೆದಾಡಿದರು. ಅಧಿಕಾರಿಗಳೇ ಆಡಳಿತಗಾರರು. ಅಪ್ಪನ ಮನೆಯಿಂದ ಬರುವವರಿಗೆ ಇದರಿಂದ ಏನೂ ನಷ್ಟವಿಲ್ಲ. ಅವರು ಮೆಟ್ಟಿಲು ಹತ್ತಿ ಬರುವವರಲ್ಲ. ನಷ್ಟ ಆದದ್ದು ಕೆಳಗಿನಿಂದ ಬರುವವರಿಗೆ. ಫೋಟೊ ಹಂಚಿದ್ದಕ್ಕಿಂತ ದೊಡ್ಡ ಅನ್ಯಾಯ ಇದು. ಇದರ ಬಗ್ಗೆ ಯಾರೂ ವಿಡಿಯೊ ಮಾಡುವುದಿಲ್ಲ.


ಮಾಜಿ ಪಂಚಾಯ್ತಿ

ನನ್ನ ಕಥೆಯೂ ಅದೇ. ತಾಲ್ಲೂಕು ಪಂಚಾಯ್ತಿಗೆ ನಿಲ್ಲಿ ಅಂತ ಎರಡು ಪಕ್ಷದವರೂ ಬಂದು ಹೇಳಿ ಹೋಗಿದ್ದಾರೆ. ಚುನಾವಣೆಯೇ ಇಲ್ಲ, ಎಲ್ಲಿ ನಿಲ್ಲಲಿ? ಈಗ ಅಂಗಳದಲ್ಲಿ ಅಡಿಕೆ ಒಣಗಿಸುತ್ತಿದ್ದೇನೆ. ಜನ ಮಾತ್ರ ಈಗಲೂ ಬೆಳಗ್ಗೆ ಬರುತ್ತಾರೆ, ಅಧ್ಯಕ್ಷಗಿರಿ ಹೋಗಿದ್ದು ಅವರಿಗೆ ಲೆಕ್ಕಕ್ಕಿಲ್ಲ. ನಮ್ಮ ಅತ್ತೆ ಅಂತೂ ಕುರ್ಚಿ ಬಿಟ್ಟು ಕೆಳಗಿಳಿದಿಲ್ಲ!

ಕಾಫಿಕಣ ಅವರೇ, ಮನೆ ಕೆಲಸ ಯಾರದ್ದು ಅಂತ ಮೊದಲಲ್ಲಿ ಕೇಳಿದ್ದಿರಿ. ನನ್ನ ಮಟ್ಟಿಗೆ ಹೇಳುತ್ತೇನೆ. ಅತ್ತೆ ಮಾಡಿದರು, ಮಗಳು ಮಾಡಿದಳು. ಯಜಮಾನರು ಎರಡನೇ ವರ್ಷದಿಂದ ಬೆಳಗ್ಗಿನ ಕಾಫಿ ಮಾಡಲು ಕಲಿತರು. ಅದನ್ನ ಊರೆಲ್ಲ ಆಶ್ಚರ್ಯ ಅಂತ ಆಡಿಕೊಂಡಿತು. ನಾನು ಬಗೆಹರಿಸಿದ ನೀರಿನ ವಿಷಯ ಅಷ್ಟು ಸುದ್ದಿಯಾಗಲಿಲ್ಲ.


ಶಿಸ್ತಿನ ಸಿಪಾಯಿ

ಮೇಡಂ, ಚುನಾವಣೆ ಘೋಷಣೆ ಆದರೆ ನಿಲ್ಲುತ್ತೀರಾ? ಯಾವ ಪಕ್ಷ?


ಮಾಜಿ ಪಂಚಾಯ್ತಿ

ಪಕ್ಷ ಆಮೇಲೆ. ಮೊದಲು ಮೀಸಲಾತಿ ಪಟ್ಟಿ ಬರಲಿ. ನಮ್ಮ ಕ್ಷೇತ್ರ ಸಾಮಾನ್ಯ ಅಂತ ಬಂದರೆ ಈಗ ಬಂದು ಕೇಳಿದ ಎರಡು ಪಕ್ಷದವರೂ ಫೋನ್ ಎತ್ತುವುದಿಲ್ಲ, ಬೇಕಾದರೆ ನೋಡಿ.


ಕಾಫಿಕಣ

ಸಾಮಾನ್ಯ ಅಂತ ಬಂದರೂ ಅರ್ಜಿ ಹಾಕಿಬಿಡಿ. ಫಾರಂ ತುಂಬಿಸೋಕೆ ಕಪ್ಪು ಕೋಟಿನವರು ಇಲ್ಲೇ ಇದ್ದಾರೆ.


ಕಪ್ಪು ಕೋಟು

ಫೀಸ್ ಬೇಡ. ಬೆಳಗ್ಗೆ ಆರಕ್ಕೆ ಮಾತ್ರ ಬರೋಕಾಗಲ್ಲ.